ಐಪಿ ವಿಳಾಸ ಪರೀಕ್ಷೆ: ದಯವಿಟ್ಟು ರೆಜೆಕ್ಸ್ ಬೇಡ

ಎಲ್ಲರಿಗೂ ನಮಸ್ಕಾರ. ನಿನ್ನೆ ರಿವ್ಯೂಗೆ ಬಂದ ಕೋಡಿನಲ್ಲಿ, ಬಳಕೆದಾರರು ಕೊಟ್ಟ ಐಪಿ ವಿಳಾಸ (ಜಾಲದಲ್ಲಿ ಕಂಪ್ಯೂಟರಿನ ಸಂಖ್ಯಾ ವಿಳಾಸ) ಸರಿಯೇ ಎಂದು ನೋಡಲು ಮತ್ತೆ ಅದೇ ಉದ್ದನೆಯ ರೆಜೆಕ್ಸ್ (ಅಕ್ಷರಗಳ ಮಾದರಿ ಹೊಂದುತ್ತದೆಯೇ ಎಂದು ನೋಡುವ ಸೂತ್ರ) ಕಂಡಿತು, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕು ಸಂಖ್ಯೆ, ನಡುವೆ ಚುಕ್ಕಿ ಇದ್ದರೆ ಸಾಕು ಅನ್ನುವ ರೆಜೆಕ್ಸ್ 999.1.1.1 ಅನ್ನೂ ಒಳಗೆ ಬಿಡುತ್ತದೆ, ಪ್ರತಿ ಸಂಖ್ಯೆ 255 ದಾಟುವಂತಿಲ್ಲದಿದ್ದರೂ. ಅದಾದರೂ ಬೇಗ ಕಣ್ಣಿಗೆ ಬೀಳುತ್ತದೆ. ನಿಜವಾದ ಅಪಾಯ ಇರುವುದು ಸಂಖ್ಯೆಯ ಶುರುವಿನಲ್ಲಿ ಬರುವ ಸೊನ್ನೆಯಲ್ಲಿ. 0177.0.0.1 ನೋಡಿ. ನಮ್ಮ ಕೋಡು ಅದನ್ನು 177.0.0.1 ಎಂದು ಓದಿ, ಹೊರಗಿನ ವಿಳಾಸ, ಪರವಾಗಿಲ್ಲ ಅನ್ನುತ್ತದೆ. ಆದರೆ ಸೊನ್ನೆಯಿಂದ ಶುರುವಾದದ್ದನ್ನು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಎಂದು ಓದುವ ಲೈಬ್ರರಿಗಳಿವೆ (ಸಿದ್ಧ ಕೋಡಿನ ಸಂಗ್ರಹಗಳು). ಅವುಗಳ ಲೆಕ್ಕದಲ್ಲಿ ಅದು 127.0.0.1, ಅಂದರೆ ನಮ್ಮದೇ ಸರ್ವರ್! ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ನಲ್ಲೇ ಈ ಲೋಪವಿತ್ತು, 2021ರಲ್ಲಿ 3.9.5 ಆವೃತ್ತಿಯಲ್ಲಿ ಸರಿಯಾಯಿತು. ಇನ್ನೂ ಹಳೆಯ ಆವೃತ್ತಿಯಲ್ಲಿರುವವರು ಇವತ್ತೇ ಅಪ್‌ಡೇಟ್ ಮಾಡಿಕೊಳ್ಳಿ.

ಭಾಷೆಯ ಜೊತೆಗೇ ಬರುವ ಲೈಬ್ರರಿಯನ್ನೇ ಬಳಸಿ. ಬಳಕೆದಾರರು ಕೊಟ್ಟ ಅಕ್ಷರಗಳನ್ನು ಹಾಗೇ ಮುಂದಕ್ಕೆ ಕಳಿಸಬೇಡಿ, ಪಾರ್ಸ್ ಆಗಿ ಬಂದ, ಅಂದರೆ ಲೈಬ್ರರಿ ಓದಿ ಅರ್ಥಮಾಡಿಕೊಟ್ಟ ವಿಳಾಸವನ್ನು ಮಾತ್ರ ಕಳಿಸಿ. ಬಳಕೆದಾರರು ಕೊಟ್ಟ ವಿಳಾಸಕ್ಕೆ ನಮ್ಮ ಸರ್ವರೇ ಸಂದೇಶ ಕಳಿಸುವ ವೆಬ್‌ಹುಕ್‌ನಂಥ ಕಡೆ 10.0.0.0/8, 192.168.0.0/16, 169.254.0.0/16 ಈ ಒಳಜಾಲದ ವಿಳಾಸ ಗುಂಪುಗಳನ್ನೆಲ್ಲ ತಡೆಯಲೇಬೇಕು. ಕ್ಲೌಡ್‌ನಲ್ಲಿ ಸರ್ವರಿಗೆ ಅದರದೇ ಮಾಹಿತಿ ಕೊಡುವ 169.254.169.254 ಮೂಲಕ ಸರ್ವರಿನ ಗುಟ್ಟಿನ ಕೀಗಳೇ ಹೊರಗೆ ಹೋಗಬಹುದು.

ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸವನ್ನು ಮರೆಯಬೇಡಿ. ಹಿಂದೆ ಒಂದು ಪ್ರಾಜೆಕ್ಟಿನಲ್ಲಿ ನಾನೇ ಡೇಟಾಬೇಸಿನಲ್ಲಿ ವಿಳಾಸ ಇಡುವ ಕಾಲಮ್ಮಿಗೆ 15 ಅಕ್ಷರ ಕೊಟ್ಟು, ಮೊಬೈಲಿನಿಂದ ಬಂದವರ ಲಾಗಿನ್ ದಾಖಲೆಗಳೆಲ್ಲ ಅರ್ಧಕ್ಕೇ ತುಂಡಾಗಿದ್ದವು. 45 ಅಕ್ಷರ ಕೊಡಿ.

ನಿಮ್ಮ ಕೋಡಿನಲ್ಲಿ ಇಂಥ ರೆಜೆಕ್ಸ್ ಇದ್ದರೆ ಇಲ್ಲೇ ಹಾಕಿ, ಸಂಜೆ ಕೂತು ಒಟ್ಟಿಗೆ ಬದಲಾಯಿಸೋಣ.