ದೂರು: ನಿಮ್ಮ ಕೈಪಂಪಿನ ಕಪ್ ವಾಷರ್ ಅಳತೆಗೆ ಕೂರುತ್ತಿಲ್ಲ

ಗೆ,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಮ್ಮ ಬೀದಿಯ ಮಾರ್ಕ್-2 ಕೈಪಂಪಿಗೆ ಹೋದ ತಿಂಗಳು ನಿಮ್ಮಲ್ಲಿಂದ ಕಪ್ ವಾಷರ್ ಸೆಟ್ (ಪಿಸ್ಟನ್ ಸುತ್ತ ಕೂತು ನೀರು ಪಕ್ಕದಿಂದ ಜಾರದಂತೆ ತಡೆಯುವ ಬಟ್ಟಲಿನಾಕಾರದ ಬಿಲ್ಲೆಗಳು) ತರಿಸಿದ್ದೆವು. ಹಾಕಿ ಮೂರು ವಾರವೂ ಆಗಿಲ್ಲ, ಪಂಪು ಮತ್ತೆ ಕೈಕೊಟ್ಟಿದೆ. ಬಿಚ್ಚಿ ನೋಡಿದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ.

ಈ ಪಂಪಿನ ಸಿಲಿಂಡರ್ ಒಳಅಳತೆ 63.5 ಮಿ.ಮೀ. ಹಿಡಿಯನ್ನು ಪೂರ್ತಿ ಒತ್ತಿದರೆ ಪಿಸ್ಟನ್ 125 ಮಿ.ಮೀ. ಮೇಲೇಳುತ್ತದೆ. ಒಂದು ಹೊಡೆತಕ್ಕೆ 400 ಮಿ.ಲೀ. ಹತ್ತಿರ ನೀರು ಬರಬೇಕು, 40 ಹೊಡೆತಕ್ಕೆ 15 ಲೀಟರ್ ಬಕೆಟ್ ತುಂಬಬೇಕು. ಈಗ ಅರ್ಧವೂ ತುಂಬುತ್ತಿಲ್ಲ.

ಮೊದಲು ಸಿಲಿಂಡರ್ ತಳದ ವಾಲ್ವ್ ಮೇಲೆ ಅನುಮಾನ ಬಂತು. ಆದರೆ ಅದು ಸೋರಿದರೆ ರಾತ್ರಿಯೆಲ್ಲ ಪೈಪಿನ ನೀರು ಕೆಳಗಿಳಿದು, ಬೆಳಗ್ಗೆ ಎಷ್ಟೋ ಹೊತ್ತು ಸುಮ್ನೆ ಹೊಡೆಯಬೇಕಾಗುತ್ತದೆ ಅಲ್ವಾ? ಇಲ್ಲಿ ಮೊದಲ ಹೊಡೆತಕ್ಕೇ ನೀರು ಬರುತ್ತದೆ, ಧಾರೆ ಮಾತ್ರ ಸಣ್ಣದು. ಅಂದರೆ ಪಿಸ್ಟನ್ ಮೇಲೇಳುವಾಗ ನೀರು ವಾಷರ್ ಪಕ್ಕದಿಂದ ಕೆಳಕ್ಕೆ ಜಾರುತ್ತಿದೆ.

ಪಿಸ್ಟನ್ ಹೊರಗೆ ತೆಗೆದಾಗ ಅದೇ ಕಂಡಿತು. ಒಂದು ವಾಷರ್ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಸೆಟ್‌ನಲ್ಲಿ ಉಳಿದಿದ್ದ ಹೊಸ ವಾಷರನ್ನು ಖಾಲಿ ಸಿಲಿಂಡರಿನ ಬಾಯಿಗೆ ಇಟ್ಟೆ. ಕೈ ಬಿಟ್ಟ ಕೂಡಲೇ ತಾನೇ ಜಾರಿ ತಳಕ್ಕೆ ಬಿತ್ತು. ನಾವು ತೆಗೆದಿಟ್ಟಿದ್ದ ಹಳೆಯ ವಾಷರ್, ಅಷ್ಟು ಸವೆದಿದ್ದರೂ, ಹೆಬ್ಬೆರಳಲ್ಲಿ ಒತ್ತಿದರೆ ಮಾತ್ರ ಒಳಗೆ ಹೋಯಿತು. ನಿಮ್ಮ ಪ್ಯಾಕೆಟ್ ಮೇಲೆ ಮಾತ್ರ 63.5 ಅಂತಲೇ ಅಚ್ಚಾಗಿದೆ.

ಇದು ಸಣ್ಣ ವಸ್ತು ಅಂತ ನಿಮಗೆ ಅನಿಸಬಹುದು. ಆದರೆ ಮಾರ್ಕ್-2ನಲ್ಲಿ ಪಿಸ್ಟನ್, ನೀರು ಮೇಲೆ ತರುವ 32 ಮಿ.ಮೀ. ಪೈಪಿನೊಳಗಿಂದ ಮೇಲೆ ಬರುವುದಿಲ್ಲ. ಅಗಲ ಪೈಪಿನ ಮಾರ್ಕ್-3 ಪಂಪು ಆಗಿದ್ದರೆ ರಾಡ್ ಎಳೆದರೆ ಸಾಕಿತ್ತು. ನಮಗೆ 30 ಮೀಟರ್ ಆಳದಿಂದ ಮೂರು ಮೂರು ಮೀಟರಿನ ಹತ್ತು ಪೈಪನ್ನೂ ಒಳಗಿನ ರಾಡ್‌ಗಳನ್ನೂ ಒಂದೊಂದಾಗಿ ಕಳಚಿ ಎತ್ತಬೇಕು. ಐದು ಜನ ಬೆಳಗ್ಗೆಯಿಂದ ಸಂಜೆಯವರೆಗೆ ಎಳೆದೆವು. ಅಷ್ಟು ಹೊತ್ತೂ ಖಾಲಿ ಕೊಡ ಹಿಡಿದು ಬಂದವರನ್ನು ವಾಪಸ್ ಕಳಿಸಬೇಕಾಯಿತು. ಅದೇ ನನಗೆ ಜಾಸ್ತಿ ಬೇಜಾರಾದದ್ದು.

ಸರಿಯಾದ ಅಳತೆಯ ಸೆಟ್ ಬೇಗ ಕಳಿಸಿ. ಕಳಿಸುವ ಮುಂಚೆ ಒಂದೊಂದನ್ನೂ ಸಿಲಿಂಡರಿಗೆ ಹಾಕಿ ನೋಡಿ. ಪೈಪ್ ಎತ್ತಿ ಇಳಿಸುವ ಕೂಲಿಯನ್ನೂ ನೀವೇ ಕೊಡಬೇಕು. ಇದೇ ಬ್ಯಾಚಿನ ವಾಷರ್ ಬೇರೆಯವರಿಗೂ ಹೋಗಿದ್ದರೆ, ಅವರು ಬಾವಿಗೆ ಇಳಿಸುವ ಮೊದಲೇ ಫೋನ್ ಮಾಡಿ ತಿಳಿಸಿ. ಅಂಚು ತೆಳುವಾದ ವಾಷರನ್ನೂ ಜಾರಿ ಬಿದ್ದ ಹೊಸ ವಾಷರನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ.

ಇಂತಿ,
ಪಂಪು ನೋಡಿಕೊಳ್ಳುವವರ ಪರವಾಗಿ
ನಿಮ್ಮ ಗ್ರಾಹಕ