ಎಣಿಸದೆ ಬಿಟ್ಟ ಜನ

ಮಾನ್ಯರೇ,

‘ಚಿಲಿಯಲ್ಲಿ ಕರಿಯರೇ ಇಲ್ಲ’ ಎಂಬ ಮಾತನ್ನು ಆ ದೇಶ ತುಂಬಾ ಕಾಲ ನಂಬಿಕೊಂಡು ಬಂತು. ಆದರೆ ಉತ್ತರದ ತುದಿಯ ಅರಿಕಾ ಪಟ್ಟಣದಲ್ಲಿ, ಪಕ್ಕದ ಅಸಾಪಾ ಕಣಿವೆಯ ಆಲಿವ್ ತೋಟಗಳಲ್ಲಿ, ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದವರು ತಲೆಮಾರುಗಳಿಂದ ಬದುಕುತ್ತಿದ್ದಾರೆ.

ಅರಿಕಾ ಮೊದಲು ಪೆರುವಿನದು. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಅದನ್ನು ಗೆದ್ದುಕೊಂಡಿತು. ಆಮೇಲೆ ಊರನ್ನು ‘ಚಿಲಿಮಯ’ ಮಾಡುವ ಹಟ. ಪೆರು ಪರ ಎಂದು ಕಂಡವರ ಬಾಗಿಲಿಗೆ ಕಪ್ಪು ಶಿಲುಬೆ ಬಳಿದು ಹೆದರಿಸಿದರು. ಎಷ್ಟೋ ಕರಿಯ ಕುಟುಂಬಗಳು ಗಡಿಯಾಚೆ ಹೋದವು. ಉಳಿದವರು ತಮ್ಮ ಮೂಲದ ಬಗ್ಗೆ ಮಾತಾಡುವುದನ್ನೇ ಬಿಟ್ಟರು. ಬಾಗಿಲ ಮೇಲೆ ಅಂಥ ಗುರುತು ಕಂಡ ತಾಯಿ ಮಕ್ಕಳಿಗೆ ಇನ್ನೇನು ಹೇಳಿಯಾಳು?

2000ದ ಹೊತ್ತಿಗೆ ಅವರು ಸಂಘಟಿತರಾದರು. ನಮ್ಮನ್ನೂ ಜನಗಣತಿಯಲ್ಲಿ ಎಣಿಸಿ ಎಂದು ಕೇಳಿದರು. 2012ರ ಗಣತಿಯಲ್ಲೂ ‘ನೀವು ಆಫ್ರಿಕಾ ಮೂಲದವರೇ’ ಎಂಬ ಪ್ರಶ್ನೆ ಇರಲಿಲ್ಲ. ಮರುವರ್ಷದ ಪ್ರತ್ಯೇಕ ಸಮೀಕ್ಷೆಯಲ್ಲಿ ಅರಿಕಾ ಇರುವ ಪ್ರಾಂತ್ಯವೊಂದರಲ್ಲೇ 8,415 ಮಂದಿ ಸಿಕ್ಕರು. ಕೊನೆಗೆ 2019ರಲ್ಲಿ 21,151ನೇ ಕಾನೂನು ಅವರನ್ನು ಬುಡಕಟ್ಟು ಸಮುದಾಯವೆಂದು ಒಪ್ಪಿತು.

ಆದರೂ ನನಗೆ ಸಮಾಧಾನವಿಲ್ಲ. ಹೊಸ ಸಂವಿಧಾನ ಬರೆಯುವ ಸಭೆಯಲ್ಲಿ ಮೂಲನಿವಾಸಿಗಳಿಗೆ 17 ಸ್ಥಾನ ಮೀಸಲಿಟ್ಟಾಗ ಇವರಿಗೆ ಒಂದೂ ಸಿಗಲಿಲ್ಲ. ಇದು ಅನ್ಯಾಯ ಅಲ್ವಾ?

ನಮ್ಮ ಉತ್ತರ ಕನ್ನಡದ ಸಿದ್ದಿಗಳೂ ಆಫ್ರಿಕಾ ಮೂಲದವರು. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅರಿಕಾದ ಜನರ ಸುದ್ದಿಯೂ ನಮ್ಮ ಪತ್ರಿಕೆಗಳಲ್ಲಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ಶಿರಸಿ