ಗಣಿ ಕಟ್ಟೆ ಭದ್ರ ಎಂದು ಬರೆಯುವವರು ಯಾರ ಸಂಬಳಕ್ಕಿದ್ದಾರೆ?

ಮಾನ್ಯ ಸಂಪಾದಕರೇ,

ಮಣ್ಣಿನ ಏರಿಗಳ ಗಟ್ಟಿತನ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಬ್ರೆಜಿಲ್‌ನ ಬ್ರುಮಾಡಿನ್ಯೊ ದುರಂತ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

2019ರ ಜನವರಿ 25, ಮಧ್ಯಾಹ್ನದ ಊಟದ ಹೊತ್ತು. ವಾಲೆ ಕಂಪನಿಯ ಕಬ್ಬಿಣದ ಗಣಿಯಲ್ಲಿ ಅದಿರು ತೊಳೆದ ಕೆಸರನ್ನು ತಡೆದಿದ್ದ ಕಟ್ಟೆ ಕುಸಿಯಿತು. ಕಾರ್ಮಿಕರ ಕ್ಯಾಂಟೀನ್ ಇದ್ದದ್ದು ಅದರ ಕೆಳಗೇ. ಸೈರನ್ ಕೂಗಲಿಲ್ಲ. 270 ಜನ ಸತ್ತರು. ಆ ಕಟ್ಟೆ ಭದ್ರವಾಗಿದೆ ಎಂದು ಜರ್ಮನಿಯ ಟುವ್ ಸುಡ್ ಸಂಸ್ಥೆಯ ಬ್ರೆಜಿಲ್ ಶಾಖೆ ಸರ್ಟಿಫಿಕೇಟ್ ಕೊಟ್ಟು ಬರೀ ನಾಲ್ಕು ತಿಂಗಳಾಗಿತ್ತು. ತಪಾಸಣೆಗೆ ದುಡ್ಡು ಕೊಟ್ಟಿದ್ದು ವಾಲೆಯೇ.

ಇಂಥ ಕಟ್ಟೆಯನ್ನು ಒಂದೇ ಸಲಕ್ಕೆ ಕಟ್ಟುವುದಿಲ್ಲ. ಕೆಸರು ತುಂಬಿದಂತೆಲ್ಲ ಏರಿ ಎತ್ತರಿಸುತ್ತಾ ಹೋಗುತ್ತಾರೆ. ಹೊಸ ಏರಿಯನ್ನು ಹಳೆ ಕೆಸರಿನ ಮೇಲೇ ಕೂರಿಸಿದರೆ ಖರ್ಚು ಕಡಿಮೆ. ಇಲ್ಲೂ ಹಾಗೇ ಮಾಡಿದ್ದರು. ಮೇಲೆ ಒಣಗಿ ಗಟ್ಟಿ ಕಾಣುತ್ತದೆ, ಒಳಗೆ ನೀರು ನಿಂತಿರುತ್ತದೆ. ಆ ನೀರು ಬಸಿದು ಹೋಗದಿದ್ದರೆ ಕಣಗಳ ಹಿಡಿತ ತಪ್ಪಿ, ಇಡೀ ಗುಡ್ಡ ಕೆಲವೇ ಸೆಕೆಂಡುಗಳಲ್ಲಿ ನೀರಿನಂತೆ ಹರಿದುಬಿಡುತ್ತದೆ. ಒಳಗಿನ ಒತ್ತಡ ಅಳೆಯಲು ಕೊಳವೆ ಇಳಿಸುವುದು ಇದಕ್ಕೇ. ಭೂಕಂಪದ ಭಯವಿರುವ ಚಿಲಿ ಈ ವಿಧಾನವನ್ನು ದಶಕಗಳ ಹಿಂದೆಯೇ ನಿಷೇಧಿಸಿತ್ತು. ಬ್ರೆಜಿಲ್ ನಿಷೇಧಿಸಿದ್ದು ಇಷ್ಟು ಹೆಣ ಬಿದ್ದ ಮೇಲೆ.

ಅದೂ ಮೊದಲ ಸಲವಲ್ಲ. ಅದೇ ರಾಜ್ಯದ ಮರಿಯಾನಾದಲ್ಲಿ 2015ರಲ್ಲಿ ಇಂಥದ್ದೇ ಕಟ್ಟೆ ಒಡೆದು 19 ಜನ ಸತ್ತಿದ್ದರು. ಕೆಸರು ಡೋಸೆ ನದಿಗುಂಟ 600 ಕಿ.ಮೀ.ಗೂ ಜಾಸ್ತಿ ಹರಿದು ಸಮುದ್ರ ಸೇರಿತ್ತು. ಆ ಗಣಿಯಲ್ಲಿ ವಾಲೆಯದು ಅರ್ಧ ಪಾಲು, ಆಸ್ಟ್ರೇಲಿಯಾದ ಗಣಿ ಕಂಪನಿ ಬಿಎಚ್‌ಪಿಯದು ಅರ್ಧ. 2024ರ ನವೆಂಬರ್‌ನಲ್ಲಿ ಅಲ್ಲಿನ ಕೋರ್ಟು ಮರಿಯಾನಾ ಕ್ರಿಮಿನಲ್ ಕೇಸಿನಲ್ಲಿ ಕಂಪನಿಗಳನ್ನು ಖುಲಾಸೆ ಮಾಡಿತು. ಪರಿಹಾರದ ಹಣ ದೊಡ್ಡದಿರಬಹುದು. ಆದರೆ ಅದು ಹೋಗುವುದು ಕಂಪನಿಯ ಲೆಕ್ಕದಿಂದ, ತೀರ್ಮಾನ ಮಾಡಿದವರ ಜೇಬಿನಿಂದಲ್ಲ, ಅಲ್ವಾ?

ವರದಿ ಸ್ವಲ್ಪ ಮೆದು ಮಾಡಿ ಎಂದು ನನ್ನನ್ನೂ ಕೇಳಿದವರಿದ್ದಾರೆ. ಒಪ್ಪದಿದ್ದರೆ ಮುಂದಿನ ಕೆಲಸ ಬೇರೆಯವರಿಗೆ ಹೋಗುತ್ತದೆ. ಈ ಒತ್ತಡ ಇರುವವರೆಗೆ ಯಾವ ದೇಶದ ಸರ್ಟಿಫಿಕೇಟನ್ನೂ ನಾನು ನಂಬುವುದಿಲ್ಲ. ಗಣಿ ಕಂಪನಿಗಳು ತಪಾಸಣೆಯ ಹಣವನ್ನು ಸರ್ಕಾರದ ನಿಧಿಗೆ ಕಟ್ಟಲಿ, ತಪಾಸಕರನ್ನು ಸರ್ಕಾರ ಆರಿಸಲಿ. ಕೊಳವೆಗಳ ಅಳತೆ ಕಟ್ಟೆಯ ಕೆಳಗೆ ವಾಸಿಸುವವರಿಗೆ ದಿನಾ ಸಿಗಲಿ. ಅಪಾಯದ ಅಳತೆ ನೋಡಿಯೂ ಮುಚ್ಚಿಟ್ಟ ನಿರ್ದೇಶಕರು ಜೈಲಿಗೆ ಹೋಗುವಂತೆ ಕಾನೂನು ಬರಲಿ.

– ಒಬ್ಬ ನಿವೃತ್ತ ಮಣ್ಣು ಪರೀಕ್ಷಕ